ಸ್ಟೇಷನ್ ಬಾರದ ಆಟ

ಗೆಳೆಯರೇ, ಇವತ್ತು ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಒಬ್ಬರು ನಮ್ಮಂಥ ಹಲವರೊಡನೆ ಏಕಕಾಲಕ್ಕೆ ಚೆಸ್ ಆಡಿದರು. ನಾವೆಲ್ಲ ಬೇಗ ಸೋತೆವು. ಕೊನೆಗೆ ಉಳಿದವರು ಭಾಸ್ಕರಣ್ಣ ಮಾತ್ರ. ದಿನಾ ಲೋಕಲ್ ಟ್ರೇನಿನಲ್ಲಿ ತೊಡೆಯ ಮೇಲೆ ಬೋರ್ಡ್ ಇಟ್ಟುಕೊಂಡು ನನ್ನೊಡನೆ ಆಡುವವರು.

ಗ್ರ್ಯಾಂಡ್‌ಮಾಸ್ಟರ್ ಕೈ ಚಾಚಿ, "ಡ್ರಾ?" ಎಂದರು.

ಭಾಸ್ಕರಣ್ಣ ಕೈಮುಗಿದು, ಆಟ ಪೂರ್ತಿ ಆಡೋಣವೆಂದರು. "ನಹೀ ಸರ್, ಪೂರಾ ಖೇಲೇಂಗೆ."

ಸ್ವಲ್ಪ ಹೊತ್ತಿನಲ್ಲೇ ಸೋತರು.

ನನಗೆ ಸಿಟ್ಟು ಬಂತು. "ಅಂಥವರ ಜೊತೆ ಡ್ರಾ! ಯಾಕೆ ಬಿಟ್ಟಿರಿ ಮಾರಾಯ್ರೆ?"

"ಟ್ರೇನಿನಲ್ಲಿ ದಿನಾ ಸ್ಟೇಷನ್ ಬರ್ತದೆ, ಡ್ರಾ ಅಂತ ಬೋರ್ಡ್ ಮಡಚ್ತೇವೆ. ಇವತ್ತೂ ಅರ್ಧಕ್ಕೇ ಏಳುವುದಾ?"

ವಾಪಸು ಬರುವಾಗ ಟ್ರೇನಿನಲ್ಲಿ ಅವರೊಡನೆ ಆಡಿದೆ. ನನ್ನ ರಾಜನಿಗೆ ಉಳಿಗಾಲವಿರಲಿಲ್ಲ. ಅಷ್ಟರಲ್ಲಿ ನನ್ನ ಸ್ಟೇಷನ್ ಕಲ್ಯಾಣ ಬಂತು. "ಡ್ರಾ" ಎಂದು ಇಳಿದುಬಿಟ್ಟೆ.