ಮೂರನೇ ಕುರ್ಚಿ

ಒಂಬತ್ತನೇ ತರಗತಿಯಲ್ಲಿದ್ದಾಗ ನಾನು ಗಣಿತದಲ್ಲಿ ಬಹಳ ಜಾಣೆ ಎಂದು ಅರಸೀಕೆರೆಯಲ್ಲಿ ಸುದ್ದಿಯಾಯಿತು. ಅದು ನಿಜವಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಬೇರೆ ಬೇರೆ ದೇಶಗಳ ಶಾಲಾಮಕ್ಕಳು ನಾಲ್ಕು ಜನರ ತಂಡ ಕಟ್ಟಿಕೊಂಡು ಆನ್‌ಲೈನ್‌ನಲ್ಲಿ ಲೆಕ್ಕ ಬಿಡಿಸುವ ಸ್ಪರ್ಧೆ ಅದು. ಆಯ್ಕೆ ಪರೀಕ್ಷೆಯ ಕೊನೆಯ ಮೂರು ಕಷ್ಟದ ಲೆಕ್ಕಗಳು ನನ್ನ ಅಕ್ಕನ ಹಳೆಯ ಗೈಡಿನಲ್ಲಿ ಇದ್ದ ಹಾಗೇ ಬಂದಿದ್ದವು. ಉತ್ತರ ಬಾಯಿಪಾಠವಾಗಿತ್ತು, ಬರೆದುಬಿಟ್ಟೆ. ಬೇಲೂರಿನ ಇಬ್ಬರು ಹುಡುಗರು, ಹಳೇಬೀಡಿನ ಒಬ್ಬ ಹುಡುಗಿ, ನಾನು ಆಯ್ಕೆಯಾದೆವು. ನಮ್ಮ ಶಾಲೆಯವರು ಬಸ್ ಸ್ಟ್ಯಾಂಡಿನ ಎದುರು ನನ್ನ ಫೋಟೋದ ಫ್ಲೆಕ್ಸ್ ಹಾಕಿಸಿದರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ತೂಕ ಮಾಡುವ ಕೆಲಸದಲ್ಲಿದ್ದರು. ಮಂಡಿಗೆ ಬಂದವರೆಲ್ಲ, "ಮಗಳು ಯಾವ ದೇಶಕ್ಕೆ ಹೋಗ್ತಾಳಣ್ಣ?" ಎಂದು ಕೇಳುತ್ತಿದ್ದರು. ಬೇಲೂರಿಗೆ ಎಂದು ಹೇಳಲು ಅಪ್ಪನಿಗೆ ಮನಸ್ಸು ಬರುತ್ತಿರಲಿಲ್ಲ. ಸುಮ್ಮನೆ ನಗುತ್ತಿದ್ದರು.

ಪ್ರತಿ ಭಾನುವಾರ ಬೇಲೂರಿನಲ್ಲಿ ತರಬೇತಿ. ಹಳೇಬೀಡಿನಲ್ಲಿ ಆ ಹುಡುಗಿ ನನ್ನ ಬಸ್ಸನ್ನೇ ಹತ್ತುತ್ತಿದ್ದಳು. ಅವಳಿಗೆ ಲೆಕ್ಕವೆಂದರೆ ಆಟ. ಬಸ್ಸಿನ ಟಿಕೆಟ್ಟಿನ ಹಿಂದೆಯೂ ಏನಾದರೊಂದು ಬಿಡಿಸುತ್ತಿದ್ದಳು. ನನಗಾದರೋ ಮೂರನೇ ವಾರಕ್ಕೇ ಉಸಿರು ಕಟ್ಟಿತು. ತರಬೇತಿ ಕೊಡುತ್ತಿದ್ದ ಮೇಷ್ಟ್ರ ಹತ್ತಿರ ಹೋಗಿ, "ಸರ್, ನನ್ನ ಬದಲು ಬೇರೆಯವ್ರನ್ನ ಸೇರಿಸ್ಕೊಳ್ಳಿ" ಎಂದೆ.

"ಭಯ ಎಲ್ರಿಗೂ ಆಗುತ್ತೆ ಕಣಮ್ಮ" ಎಂದರು ಅವರು. "ನಾಲ್ಕು ಹೆಸ್ರೂ ಕಳ್ಸಿ ಆಗಿದೆ. ಒಬ್ರು ಬಿಟ್ರೆ ಟೀಮೇ ಇಲ್ಲ."

ಆ ಮಾತಿನ ನಂತರ ಜ್ವರ ಬರಲಿ ಎಂದು ತಲೆಗೆ ತಣ್ಣೀರು ಸುರಿದುಕೊಂಡದ್ದುಂಟು. ಜ್ವರವೂ ಬರಲಿಲ್ಲ.

ಸ್ಪರ್ಧೆಯ ದಿನ ಕಂಪ್ಯೂಟರ್ ಕೊಠಡಿಯಲ್ಲಿ ನಾಲ್ಕು ಕುರ್ಚಿಗಳನ್ನು ಒಂದರ ಹಿಂದೆ ಒಂದು ಹಾಕಿದ್ದರು. ಎರಡು ಕ್ಯಾಮೆರಾ, ಮುಚ್ಚಿದ ಬಾಗಿಲು. ಮಾತಾಡುವಂತಿಲ್ಲ, ತಿರುಗುವಂತಿಲ್ಲ. ಮೊದಲನೆಯವನು ತನ್ನ ಉತ್ತರವನ್ನು ಚೀಟಿಯಲ್ಲಿ ಬರೆದು ಹಿಂದಕ್ಕೆ ಕೊಡಬೇಕು. ಆ ಸಂಖ್ಯೆ ಇಟ್ಟುಕೊಂಡು ಎರಡನೆಯವನು ತನ್ನ ಲೆಕ್ಕ ಮಾಡಬೇಕು, ಹೀಗೆಯೇ ನಾಲ್ಕನೆಯವರ ತನಕ. ಪೂರ್ಣ ಸಂಖ್ಯೆಯಲ್ಲಿರಬೇಕಾದ ಆ ಕೊನೆಯ ಉತ್ತರಕ್ಕೆ ಮಾತ್ರ ಅಂಕ. ಮುಂದಿನ ಎರಡು ಕುರ್ಚಿಗಳಲ್ಲಿ ಹುಡುಗರು, ಮೂರನೆಯದು ನನ್ನದು, ನನ್ನ ಹಿಂದೆ ಹಳೇಬೀಡಿನ ಹುಡುಗಿ.

ನನಗೆ ಚೀಟಿ ಬಂತು. ಲೆಕ್ಕವನ್ನು ನಾಲ್ಕು ಸಲ ಓದಿದೆ. ಎಲ್ಲಿ ಹಿಡಿಯಬೇಕೆಂದೇ ತಿಳಿಯಲಿಲ್ಲ. ಪರದೆಯ ಮೇಲೆ ಸಮಯ ಇಳಿಯುತ್ತಿತ್ತು. ಹಿಂದಿನಿಂದ ಅವಳು ಕಾಲು ಅಲ್ಲಾಡಿಸುವುದು ನನ್ನ ಕುರ್ಚಿಗೆ ತಾಗುತ್ತಿತ್ತು. ಎದ್ದು ಓಡಬೇಕು ಅನ್ನಿಸಿತು. ಓಡುವುದಾದರೂ ಎಲ್ಲಿಗೆ? ಹದಿನಾಲ್ಕು ಎಂದು ಬರೆದೆ. ಯಾಕೆ ಹದಿನಾಲ್ಕು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಹೆಗಲ ಮೇಲಿಂದ ಚೀಟಿ ಹಿಂದಕ್ಕೆ ಚಾಚಿದೆ. ಅವಳು ಕಿತ್ತುಕೊಂಡಳು.

ಆಮೇಲಿನ ಕೆಲವು ನಿಮಿಷ ಅವಳ ಪೆನ್ನಿನ ಸದ್ದನ್ನು ಬೆನ್ನಿನಲ್ಲಿ ಕೇಳುತ್ತ ಕೂತಿದ್ದೆ. ರಫ್ ಹಾಳೆಯಲ್ಲಿ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಗಂಟೆ ಹೊಡೆಯಿತು. ತಿರುಗಿ ನೋಡಿದರೆ ಅವಳ ಉತ್ತರಪತ್ರಿಕೆ ಖಾಲಿ.

ಹೊರಗೆ ಬಂದಾಗ ಅವಳು ಅಳುತ್ತಿದ್ದಳು. "ಪೂರ್ಣ ಸಂಖ್ಯೆನೇ ಬರ್ಲಿಲ್ಲ ಸರ್. ಎಲ್ಲಿ ತಪ್ಪಿದ್ನೋ ಗೊತ್ತಾಗ್ಲಿಲ್ಲ." ಹುಡುಗರಿಬ್ಬರೂ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು. ನಾನು ನನ್ನ ಚಪ್ಪಲಿ ನೋಡಿಕೊಂಡು ನಿಂತಿದ್ದೆ. ಹಳೇಬೀಡಿನವರೆಗೂ ಒಂದೇ ಸೀಟಿನಲ್ಲಿ ಕೂತು ಬಂದೆವು. ಅವಳು ಇಳಿಯುವ ತನಕ ನನ್ನ ನಾಲಿಗೆ ಏಳಲಿಲ್ಲ.

ಮರುವರ್ಷದ ಸ್ಪರ್ಧೆಗೆಂದು ತರಬೇತಿ ಮುಂದುವರಿದಿತ್ತು. ಮುಂದಿನ ಭಾನುವಾರ ಅವಳು ಬಸ್ಸು ಹತ್ತಲಿಲ್ಲ. ಮಗಳಿಗೆ ಈ ಲೆಕ್ಕದ ತರಬೇತಿ ಸಾಕು ಎಂದು ಮನೆಯವರು ಬಿಡಿಸಿದ್ದರಂತೆ. ಮೇಷ್ಟ್ರಿಗೆ ಅಂದೇ ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ಆದದ್ದಾಯ್ತು ಬಿಡಮ್ಮ. ಸೋತ್ರೂ ಭಾಗವಹಿಸಿದ್ಯಲ್ಲ ಅಂತ ನಿಮ್ ಸ್ಕೂಲ್‌ನಲ್ಲಿ ಸನ್ಮಾನ ಇಟ್ಕೊಂಡಿದಾರೆ. ಈಗ ಇದನ್ನ ಯಾರಿಗೂ ಹೇಳ್ಬೇಡ."

ಸನ್ಮಾನವೂ ಆಯಿತು. ಹೊದಿಸಿದ ಶಾಲಿನೊಳಗೆ ಬೆವರುತ್ತ ನಿಂತಿದ್ದೆ. ಅಪ್ಪ ಮುಂದಿನ ಸಾಲಿನಲ್ಲಿ ಒಗೆದ ಬಿಳಿ ಅಂಗಿ ತೊಟ್ಟು ಕೂತು ಚಪ್ಪಾಳೆ ತಟ್ಟುತ್ತಲೇ ಇದ್ದರು.

ಮರುದಿನ ಶಾಲೆಗೆಂದು ಹೊರಟವಳು ಹಳೇಬೀಡಿನ ಬಸ್ಸು ಹತ್ತಿದೆ. ಮನೆ ಕೇಳಿಕೊಂಡು ಹೋದಾಗ ಅವಳ ತಾಯಿ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ನಿಂತಲ್ಲೇ ಹೇಳಿದೆ: ಗೈಡು, ಹದಿನಾಲ್ಕು, ಬಸ್ಸಿನಲ್ಲಿ ಸುಮ್ಮನಿದ್ದದ್ದು, ಎಲ್ಲ. ಅವರು ಮೊರ ಕೆಳಗಿಟ್ಟರು.

"ನನ್ ಮಗ್ಳು ಎಂಟು ದಿನದಿಂದ ಸರ್ಯಾಗಿ ಉಂಡಿಲ್ಲ ಕಣವ್ವ" ಎಂದರು. ಬೈಯಲಿಲ್ಲ. ಅದೇ ಕಷ್ಟವಾಯಿತು. "ಅವ್ಳು ಸ್ಕೂಲಿಗೆ ಹೋಗವ್ಳೆ. ಬಂದ್ಮೇಲೆ ನೀನೇ ಹೇಳು. ಅಲ್ಲಿಗಂಟ ಕೂತ್ಕೊ. ಸಾರು ಐತೆ, ಉಣ್ಣು."

ಸಂಜೆ ಅವಳು ಬಂದಳು. ಹೇಳಿದ್ದನ್ನೆಲ್ಲ ಬ್ಯಾಗು ಹೆಗಲಲ್ಲಿರುವಂತೆಯೇ ಕೇಳಿಸಿಕೊಂಡಳು.

"ಖಾಲಿ ಚೀಟಿ ಕೊಟ್ಟಿದ್ರೂ ಆಗಿತ್ತು" ಎಂದಳು. "ನಿಂಗೆ ಬರ್ಲಿಲ್ಲ ಅಂತ ತಿಳ್ಕೋತಿದ್ದೆ."

ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಅವಳು ತರಬೇತಿಗೆ ವಾಪಸು ಬಂದಳು, ನಾನು ಬಿಟ್ಟೆ. ಮನೆಯಲ್ಲಿ ಅಪ್ಪನಿಗೆ ಹೇಳಲು ಇನ್ನೂ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅವರು ಆ ಶಾಲನ್ನು ಗಾಜಿನ ಬೀರುವಿನಲ್ಲಿ ಮಡಿಸಿಟ್ಟಿದ್ದರು. ಹೇಳಿದ ಮೇಲೂ ತೆಗೆಯಲಿಲ್ಲ.