ಉಸಿರು ಕೇಳುವ ಗೈಡ್

ಲಿಫ್ಟ್ ರಿಪೇರಿ ಮಾಡುವ ಆ ಮನುಷ್ಯನಿಗೆ ಜೊತೆ ಕೆಲಸದವರು ಇಟ್ಟಿದ್ದ ಹೆಸರು ತ್ರಿಶಂಕು. ಅತ್ತ ಮೇಲೂ ಇಲ್ಲ, ಇತ್ತ ಕೆಳಗೂ ಇಲ್ಲ, ಹಗಲೆಲ್ಲ ಲಿಫ್ಟಿನ ಬಾವಿಯಲ್ಲಿ ನೇತಾಡುತ್ತಿರುತ್ತಾನೆ ಎಂದು. ಅವನೂ ನಗುತ್ತಿದ್ದ. ಕೆಲಸದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಸವೆದ ತಂತಿಹಗ್ಗ ಕಣ್ಣಿಗೆ ಬಿದ್ದರೆ, ಯಾರು ಎಷ್ಟೇ ಕೂಗಾಡಲಿ, ಲಿಫ್ಟ್ ನಿಲ್ಲಿಸಿಯೇ ಬಿಡುತ್ತಿದ್ದ.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಪರದೆ ಹೊಲಿಯುತ್ತಿದ್ದಳು. ಜನರ ಕಿಟಕಿಗೆಲ್ಲ ಪರದೆ ಹೊಲಿದ ಅವಳ ಸ್ವಂತ ಕಿಟಕಿಯಿಂದ ಕಾಣುತ್ತಿದ್ದುದು ಎದುರು ಮನೆಯ ಬೋಳು ಗೋಡೆ. ಕೆಲಸ ಬಿಡುವುದರೊಳಗೆ ಅವಳನ್ನು ಪರದೇಶದ ಹಿಮದ ಬೆಟ್ಟಗಳಿಗೆ ಕರೆದೊಯ್ಯಬೇಕು ಎಂದು ಅವನು ಹಟ ಹಿಡಿದಿದ್ದ. ಅದೂ ಬಾವುಟ ಹಿಡಿದವನ ಹಿಂದೆ ಕುರಿಮಂದೆಯಂತೆ ಓಡುವ ಪ್ರವಾಸವಲ್ಲ. ತಮ್ಮಿಬ್ಬರಿಗೇ ಎಂದು ಒಬ್ಬ ಗೈಡ್ ಬೇಕು.

ಪ್ರವಾಸದ ಆಫೀಸಿನಲ್ಲಿದ್ದ ಅಕ್ಕನ ಮಗಳು ಅಂಥವನನ್ನು ಹುಡುಕಿದಳು. "ಮಾವ, ಈತ ಒಂದು ಸಲಕ್ಕೆ ಒಂದೇ ಮನೆಯವರನ್ನ ಕರ್ಕೊಂಡು ಹೋಗೋದು. ಅಲ್ಲಿ ದಾರಿ ತೆರೆಯೋದೇ ವರ್ಷಕ್ಕೆ ಕೆಲವು ವಾರ. ಮುಂದಿನ ವರ್ಷಕ್ಕೆ ಈಗಲೇ ಬುಕ್ ಮಾಡ್ಬೇಕು. ಆದ್ರೆ ಅವನದೊಂದು ಹುಚ್ಚು ನಿಯಮ ಇದೆ."

ನಿಯಮ ಇದು: ತಿಂಗಳಿಗೊಮ್ಮೆ ಬೆನ್ನಿಗೆ ಭಾರ ಕಟ್ಟಿಕೊಂಡು ಎತ್ತರದ ಕಟ್ಟಡದ ಮೆಟ್ಟಿಲು ಹತ್ತಬೇಕು. ಹತ್ತಿದ ಕೂಡಲೇ, ಸುಧಾರಿಸಿಕೊಳ್ಳದೆ, ಫೋನಿನಲ್ಲಿ ಒಂದರಿಂದ ಇಪ್ಪತ್ತು ಎಣಿಸಬೇಕು. ಗೈಡ್ ಬೇರೆ ಭಾಷೆಯವನು. ಅವನಿಗೆ ಬೇಕಾಗಿದ್ದುದು ಮಾತಲ್ಲ, ಅಂಕಿಗಳ ನಡುವಿನ ಉಸಿರು. ಡಾಕ್ಟರ ಚೀಟಿಯನ್ನು ಅವನು ನಂಬುತ್ತಿರಲಿಲ್ಲ. ಉಸಿರು ಕೇಳಿಯೇ ಯಾರಿಗೆ ಯಾವ ದಾರಿ ಎಂದು ಗೊತ್ತುಮಾಡುತ್ತಿದ್ದ.

ಆಗಲೇ ಲಿಫ್ಟಿನವನಿಗೆ ಎರಡು ಮಹಡಿ ಹತ್ತಿದರೆ ಎದೆಯ ಮೇಲೆ ಯಾರೋ ಮಂಡಿಯೂರಿ ಕೂತಂತಾಗುತ್ತಿತ್ತು. ಎಡಗೈ ಜೋಮು ಹಿಡಿಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬುಕಿಂಗ್ ಆಗುವುದಿಲ್ಲ. ಹೋಗುವುದು ಮುಂದಿನ ವರ್ಷ ತಾನೇ, ಅಷ್ಟರಲ್ಲಿ ಸರಿಹೋದೀತು ಎಂದುಕೊಂಡ. ದೂರದ ತಾರೀಖು ಎಲ್ಲವನ್ನೂ ಹಗುರ ಮಾಡಿಬಿಡುತ್ತದೆ.

ಭಾನುವಾರ ಆಫೀಸುಗಳೆಲ್ಲ ಮುಚ್ಚಿದ ದೊಡ್ಡ ಕಟ್ಟಡಕ್ಕೆ ಇಬ್ಬರೂ ಹೋಗುತ್ತಿದ್ದರು. ಅದರ ಲಿಫ್ಟುಗಳು ಅವನ ಸುಪರ್ದಿಯಲ್ಲೇ ಇದ್ದವು. "ನೀನು ಮುಂಭಾಗದ ಮೆಟ್ಟಿಲು ಹತ್ತು, ನಾನು ಹಿಂಭಾಗದ್ದರಲ್ಲಿ ಬರ್ತೀನಿ. ಯಾರು ಮೊದಲು ನೋಡೋಣ" ಎನ್ನುತ್ತಿದ್ದ. ಅವಳು ಬಟ್ಟೆಯ ಗಂಟು ಹೊತ್ತು ಹತ್ತುತ್ತಿದ್ದಳು. ಅವನು ಸಾಮಾನಿನ ಲಿಫ್ಟಿನಲ್ಲಿ ಮೇಲೇರಿ, ಕೊನೆಯ ಕೆಲವು ಮೆಟ್ಟಿಲು ಮಾತ್ರ ಹತ್ತಿ, ಮುಖಕ್ಕೆ ನೀರು ಚಿಮುಕಿಸಿಕೊಂಡು ನಿಲ್ಲುತ್ತಿದ್ದ.

"ಏನ್ರೀ, ನೀವೇನು ಕೋತಿ ಜಾತಿನಾ?" ಏದುಸಿರು ಬಿಡುತ್ತಾ ಅವಳು ಕೇಳುತ್ತಿದ್ದಳು.

"ಮದುವೆಗೆ ಮುಂಚೆ ನಿಮ್ಮಪ್ಪ ವಿಚಾರಿಸಬೇಕಿತ್ತು."

ಅವಳು ಎಣಿಸುವಾಗ ಹನ್ನೆರಡಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಳು. ಅವನದು ಬೆಣ್ಣೆಯಿಂದ ಕೂದಲು ತೆಗೆದಂತೆ ಇಪ್ಪತ್ತರವರೆಗೆ ಸಾಗುತ್ತಿತ್ತು. ಆ ಕಡೆಯಿಂದ ಗೈಡ್ ಮೆಚ್ಚಿ ಹೂಂಗುಟ್ಟುತ್ತಿದ್ದ.

ಹೊರಡುವ ಕಾಲ ಹತ್ತಿರ ಬರುತ್ತಿದ್ದಾಗ ಅಕ್ಕನ ಮಗಳು ಕುಣಿಯುತ್ತಾ ಬಂದಳು. "ಮಾವ, ಈ ವಯಸ್ಸಲ್ಲಿ ಇಂಥ ಉಸಿರನ್ನ ಅವನು ಕೇಳೇ ಇಲ್ವಂತೆ! ಕೆರೆ ಪಕ್ಕದ ಸುಲಭದ ದಾರಿ ಬೇರೆಯವರಿಗೆ ಕೊಟ್ಟನಂತೆ. ನಿಮಗೆ ಮೇಲಿನ ಕಣಿವೆ ದಾರಿ. ಅಲ್ಲಿಗೆ ಗಾಡಿ ಇಲ್ಲ, ಕುದುರೆ ಇಲ್ಲ, ಫೋನೂ ಇಲ್ಲ. ಎಲ್ಲರನ್ನೂ ಅಲ್ಲಿಗೆ ಕರ್ಕೊಂಡು ಹೋಗಲ್ವಂತೆ."

ಅವನ ಕೈಯ ಲೋಟ ಅಲ್ಲೇ ನಿಂತಿತು. "ಕೆರೆ ದಾರಿನೇ ಸಾಕಿತ್ತು ಕಣೇ. ರಸ್ತೆ, ಆಸ್ಪತ್ರೆ ಎಲ್ಲ ಹತ್ತಿರ ಇರುತ್ತೆ."

"ಆಸ್ಪತ್ರೆ ಯಾಕ್ರೀ ನಮಗೆ?" ಹೆಂಡತಿ ಹೊಲಿಗೆ ನಿಲ್ಲಿಸಿ ನಕ್ಕಳು. "ಜನ್ಮವಿಡೀ ಬೇರೆಯವರನ್ನ ಮೇಲೆ ಕಳಿಸಿದ್ರಿ. ಈಗ ನಿಮ್ಮ ಸರದಿ."

"ಬಿಡ್ತು ಅನ್ನು ಅತ್ತೆ!"

"ಬಿಡ್ತು, ಬಿಡ್ತು." ಅವಳು ಮತ್ತೆ ನಕ್ಕಳು. ಅವನು ನಗಲಿಲ್ಲ. ಹೇಳಲು ಬಾಯಿ ತೆರೆದ. ಅವಳು ಅವನಿಗೆಂದು ಹೊಲಿಯುತ್ತಿದ್ದ ದಪ್ಪ ಕೋಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬಾಯಿ ಹಾಗೇ ಮುಚ್ಚಿಕೊಂಡಿತು.

ಮೇಲಿನ ದಾರಿಯಲ್ಲಿ ಇಬ್ಬರನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತಾರೆ, ಹೆಜ್ಜೆ ಹೊಂದಬೇಕು, ಕೊನೆಯ ಸಲ ಜೊತೆಯಾಗಿ ಹತ್ತಿ ಎಂದು ಗೈಡ್ ಹೇಳಿ ಕಳಿಸಿದ. ಆ ಭಾನುವಾರ ಹೆಂಡತಿ ತನ್ನ ಸೆರಗನ್ನು ಗಂಡನ ಬೆಲ್ಟಿಗೆ ಗಂಟು ಹಾಕಿದಳು. "ಈಗ ಎಲ್ಲಿ ಓಡ್ತೀರೋ ಓಡಿ, ನೋಡೋಣ."

ಅವನು ಹತ್ತಿದ. ಮೂರನೇ ಮಹಡಿಗೆ ತುಟಿ ಒಣಗಿತು. ಅವಳು ಕೊಡೆ, ಬೂಟು, ಯಾರ್ಯಾರಿಗೆ ಏನೇನು ತರಬೇಕು ಎಂದು ಮಾತಾಡುತ್ತಲೇ ಇದ್ದಳು. ಸೆರಗು ಬಿಗಿಯುತ್ತಾ ಬಂತು. ಅವನು ತಮಾಷೆಗೆ ಎಳೆಯುತ್ತಿದ್ದಾನೆ ಎಂದು ಅವಳೂ ಮುಂದಕ್ಕೆ ಎಳೆದಳು. ಅರ್ಧ ಹತ್ತಿದ ಮೇಲೆ ಅವನು ಗೋಡೆಗೆ ಒರಗಿದ. "ಇಲ್ಲಿಂದಲೇ ಫೋನ್ ಮಾಡು" ಎಂದ.

ಅಕ್ಕನ ಮಗಳು ತನ್ನ ಮನೆಯಿಂದಲೇ ಗೈಡನ್ನು ಫೋನಿಗೆ ಜೋಡಿಸಿದಳು. ಹೆಂಡತಿ ಎಣಿಸಿದಳು. ಆಮೇಲೆ ಅವನು. ಒಂದು. ಎರಡು. ಮೂರರ ನಂತರ ಬರೀ ಗಾಳಿ ಎಳೆಯುವ ಸದ್ದು. ನಾಲ್ಕು.

ಆ ಕಡೆ ಗೈಡ್ ಎಣಿಕೆಯನ್ನು ಅಲ್ಲೇ ತಡೆದ. ಆಮೇಲೆ ಗಡಸಾಗಿ ಏನೋ ಹೇಳಿದ.

"ಅತ್ತೆ, ಅಲ್ಲಿ ಇನ್ಯಾರಿದ್ದಾರೆ?" ಅಕ್ಕನ ಮಗಳ ದನಿ. "ಫೋನಲ್ಲಿರೋ ಈ ಮನುಷ್ಯ ಯಾರು ಅಂತ ಕೇಳ್ತಿದ್ದಾನೆ. ಯಾರೇ ಆಗಲಿ, ಇವರನ್ನ ಮಾತ್ರ ಕರ್ಕೊಂಡು ಬರಬೇಡಿ, ಈಗಲೇ ಕೂರಿಸಿ ಅಂತಾನೆ. ಎಲ್ಲಿ, ಮಾವನಿಗೆ ಕೊಡು."

ಹೆಂಡತಿ ತಿರುಗಿ ನೋಡಿದಳು. ಅವನ ಹಣೆಯ ಮೇಲಿದ್ದುದು ಈ ಸಲ ನಲ್ಲಿಯ ನೀರಲ್ಲ. ಅವನ ಕಣ್ಣು ಮೆಟ್ಟಿಲ ತಿರುವಿನಾಚೆ ಸಾಮಾನಿನ ಲಿಫ್ಟಿನ ಬಾಗಿಲ ಕಡೆಗೆ ಹೋಗಿ, ಅವಳ ಕಡೆಗೆ ಬಂದು, ಕೆಳಗೆ ಬಿತ್ತು. ಅವಳಿಗೆ ಅಷ್ಟೇ ಸಾಕಾಯಿತು.

"ಎಲ್ಲ ಸಲವೂನಾ?" ಎಂದಳು.

ಅವನು ಹೌದೆಂದು ತಲೆಯಾಡಿಸಿ, ಗೋಡೆಗುಂಟ ಜಾರಿ ಮೆಟ್ಟಿಲ ಮೇಲೆ ಕೂತ. ಎಡಗೈ ಮಡಿಲಲ್ಲಿ ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ಅವಳು ಅವನ ಪಕ್ಕ ಮೆಟ್ಟಿಲ ಮೇಲೆ ಕೂತು, ಅವನ ಬೆನ್ನಿನ ಭಾರ ಬಿಚ್ಚಿ, ಫೋನನ್ನು ಬಾಯಿಯ ಹತ್ತಿರ ತಂದಳು.

"ಬೇರೆ ಯಾರೂ ಇಲ್ಲ ಕಣೇ. ಇದೇ ನಿಮ್ಮ ಮಾವನ ಉಸಿರು. ಬೇಗ ಆಂಬ್ಯುಲೆನ್ಸ್ ಕಳಿಸು."