ತುಂಡಾಗದ ಹುರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾರ್ಚ್ ಫೋರ್ಕ್ ಊರಿನ ಬೇಟೆ ಸಾಮಾನಿನ ಅಂಗಡಿಯ ಹಿಂಬಾಗಿಲಲ್ಲಿ ಕೂತು ಆರ್ಡಿತ್ ಕ್ವಾಮಿ ಬಕೆಟ್ಟಿನ ನೀರಿನ ಮೇಲೆ ಕಟ್ಟಿದ ಮಂಜುಗಡ್ಡೆಯ ಪದರವನ್ನು ಸುತ್ತಿಗೆಯ ಹಿಡಿಯಿಂದ ಒಡೆಯುತ್ತಾರೆ. ಒಳಗಿಂದ, ಮಾರುವ ಮುನ್ನ ಪರೀಕ್ಷಿಸಲು ರಾತ್ರಿ ನೆನೆಹಾಕಿದ್ದ ಬಣ್ಣಬಣ್ಣದ ಹುರಿಗಳು ಹೊರಬರುತ್ತವೆ. ಒಂದೊಂದನ್ನೂ ಬೇಲಿಯ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಗೆ ಟಾರ್ಪಾಲಿನ ತುಂಡು ಬಿಗಿದು ಗಾಳಿಗೆ ಬಿಡುತ್ತಾರೆ. ಕಣಿವೆಯ ಗಾಳಿ ಅದನ್ನು ಜಗ್ಗಾಡುತ್ತದೆ. ಆಮೇಲೆ ಅವರು ಕೈಗವಸು ಕಳಚಿ, ಎರಡೂ ಕೈಗಳನ್ನು ಅದೇ ಬಕೆಟ್ಟಿನಲ್ಲಿ ಅದ್ದಿ, ಬೆರಳು ಮರಗಟ್ಟುವ ತನಕ ಕಾದು, ಗಂಟು ಬಿಚ್ಚಲು ಏಳುತ್ತಾರೆ.

ಹಳದಿ ಹುರಿ ಬಿಚ್ಚಿಕೊಳ್ಳುತ್ತದೆ. ಬೂದು ಬಣ್ಣದ್ದು ನೀರು ಕುಡಿದು, ಹೆಪ್ಪುಗಟ್ಟಿ ಕಡ್ಡಿಯಂತಾಗಿದೆ. ಬಿಳಿ ಹುರಿಯ ಗಂಟು ಬಿಚ್ಚುವ ಕೆಲಸವೇ ಇಲ್ಲ. ಗಾಳಿಯ ಎಳೆತಕ್ಕೆ ತಾನಾಗಿಯೇ ಜಾರಿಹೋಗಿದೆ. ಆರ್ಡಿತ್ ಅದನ್ನು ಎತ್ತಿ ನೋಡಿ ಕಸದ ಡಬ್ಬಿಗೆ ಹಾಕುತ್ತಾರೆ.

ಮೊಂಟಾನಾದ ಈ ಬೆಟ್ಟಗಳಿಗೆ ಎಲ್ಕ್ ಎಂಬ ಭಾರೀ ಜಿಂಕೆಯ ಬೇಟೆಗೆ ಬರುವವರಲ್ಲಿ ಎರಡು ಜಾತಿ. ಕುದುರೆಯ ಮೇಲೆ ಹೋಗುವವರು, ನಡೆದು ಹೋಗುವವರು. "ಕುದುರೆ ಇರೋರಿಗೆ ನನ್ನ ಹಂಗಿಲ್ಲ. ಬಸವನಹುಳು ಥರ ಮನೇನ ಬೆನ್ಮೇಲೆ ಹೊತ್ಕೊಂಡು ಹೋಗ್ತಾರಲ್ಲ, ಅವರಿಗೆ ನಾನು ಬೇಕು" ಎನ್ನುತ್ತಾರೆ ಆರ್ಡಿತ್. ಅಂಥವರು ಹೊರೆ ಇಳಿಸಲು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಮುರಿದು ಬಿಸಾಡುತ್ತಾರೆ. ಹುರಿ ಕೊಳ್ಳುವಾಗಲೂ ಅವರ ಪ್ರಶ್ನೆ ಎರಡೇ: ಎಷ್ಟು ಹಗುರ? ಎಷ್ಟು ಭಾರ ತಡೆಯುತ್ತೆ?

ಪತ್ರಿಕೆಗೆ ಬರೆಯಲೆಂದು ನಾನು ಅಲ್ಲಿದ್ದ ಬೆಳಿಗ್ಗೆ ಹೊಸ ಬೂಟಿನ ಯುವಕನೊಬ್ಬ ಅತಿ ಸಣ್ಣ ಹುರಿಯೊಂದನ್ನು ಬೆರಳಿಗೆ ಸುತ್ತಿಕೊಂಡು ಬಂದ. "ಎಲ್ಲಾದಕ್ಕೂ ಇದೇ ಸಾಕು ಕಣಮ್ಮ. ಟೆಂಟಿಗೂ ಇದೇ, ಮಾಂಸ ತೂಗುಹಾಕೋಕೂ ಇದೇ."

"ಎಲ್ಕಿನ ತೊಡೆ ಎಷ್ಟು ತೂಗುತ್ತೆ ಗೊತ್ತಾ? ಇದರಲ್ಲಿ ಮರಕ್ಕೆ ಎಳೆದ್ರೆ ಹುರಿಗೆ ಏನೂ ಆಗಲ್ಲ. ನಿನ್ನ ಅಂಗೈ ಸೀಳುತ್ತೆ. ಆಮೇಲೆ ಮಾಂಸ ಕರಡಿಗೆ, ಕೈ ಡಾಕ್ಟರಿಗೆ."

ಟೆಂಟಿಗೆ ಸಣ್ಣದು, ಆದರೆ ಮೇಲ್ಮೈ ತುಸು ಒರಟಾಗಿರುವುದು, ಕತ್ತಲಲ್ಲಿ ಕಾಲಿಗೆ ತೊಡರದಂತೆ ಹೊಳೆಯುವುದು. ಮಾಂಸಕ್ಕೆ ದಪ್ಪದ್ದು. ಬೂಟಿನ ಲೇಸು ಹರಿದರೆ ಇರಲಿ ಎಂದು ಒಂದು ತುಂಡು ಹಳೇ ನೈಲಾನು. ಇಷ್ಟನ್ನೂ ಕತ್ತರಿಸಿ, ತುದಿಗಳನ್ನು ಬೆಂಕಿಗೆ ಹಿಡಿದು ಕರಗಿಸಿ, ಆರ್ಡಿತ್ ಕೊಟ್ಟರು. ಯುವಕ ಚೀಲವನ್ನು ಅಂಗೈಯಲ್ಲಿ ತೂಗಿ ನೋಡಿ ಮುಖ ಸಿಂಡರಿಸಿಕೊಂಡು ಹೋದ.

ಆರ್ಡಿತ್ ಈ ಕೆಲಸಕ್ಕೆ ಬಂದದ್ದು ಗಂಡ ತೀರಿಕೊಂಡ ಮೇಲೆ. ಅದಕ್ಕೆ ಮುಂಚೆ ಶಾಲೆಯ ಅಡುಗೆಮನೆಯಲ್ಲಿದ್ದರು. ಗಂಡ ವೆಂಡೆಲ್ ಮರದ ಮಿಲ್ಲಿನ ಕೆಲಸಗಾರ. ಮಿಲ್ಲು ಮುಚ್ಚಿತು, ಮೊಣಕಾಲೂ ಕೆಟ್ಟಿತು. ಆದರೆ ಬೇಟೆ ಬಿಡಲು ಮನಸ್ಸಾಗಲಿಲ್ಲ. ಹೊರೆ ಇಳಿಸಿದರೆ ಇನ್ನೂ ಹೋಗಬಹುದು ಎಂದು ಸಾಮಾನನ್ನೆಲ್ಲ ಹಗುರದ್ದಕ್ಕೆ ಬದಲಾಯಿಸಿದರು. ಹಳೆಯ ನೈಲಾನು ಹಗ್ಗ ಮನೆಯಲ್ಲೇ ಉಳಿಯಿತು. ರೇಷ್ಮೆಯಂಥ ಬಿಳಿ ಹುರಿ ಚೀಲ ಸೇರಿತು.

ಆ ಸಲ ಬೇಟೆಗೆ ಜೊತೆಗೆ ಹೋದವರು ಮಿಲ್ಲಿನ ಹಳೆಯ ಗೆಳೆಯ ಡ್ವೇನ್ ಟಿಬೆಟ್ಸ್. ಅಕ್ಟೋಬರಿನ ಹಿಮಗಾಳಿಗೆ ಟಾರ್ಪಾಲಿನ ಗಂಟುಗಳು ಒಂದಾದ ಮೇಲೊಂದು ಜಾರಿದವು. ವೆಂಡೆಲ್ ಮತ್ತೆ ಕಟ್ಟಲು ಹೊರಗೆ ಹೋದರು. ಮತ್ತೆ ಜಾರಿತು, ಮತ್ತೆ ಹೋದರು. ಕೊನೆಗೆ ಟಾರ್ಪಾಲು ಹಾರಿಹೋಯಿತು, ಬೆಂಕಿ ಆರಿತು, ಹೊದಿಕೆಗಳು ನೆಂದವು. ಡ್ವೇನ್ ಸಹಾಯ ಕರೆತರಲು ಕೆಳಗಿಳಿದರು. ಜನ ಹತ್ತಿ ಹೋಗುವಷ್ಟರಲ್ಲಿ ವೆಂಡೆಲ್ ಸ್ಪ್ರೂಸ್ ಮರದ ಬುಡಕ್ಕೆ ಒರಗಿ ತಣ್ಣಗಾಗಿದ್ದರು.

"ಸಾಮಾನು ವಾಪಸ್ ತಂದುಕೊಟ್ರು. ಹುರೀನ ಈ ತುದಿಯಿಂದ ಆ ತುದೀವರೆಗೂ ನೋಡ್ದೆ. ಎಲ್ಲೂ ತುಂಡಾಗಿರ್ಲಿಲ್ಲ. ಊರೋರೆಲ್ಲ ಕೇಳಿದ್ದು ಅದನ್ನೇ, ಹುರಿ ತುಂಡಾಯ್ತಾ ಅಂತ. ತುಂಡಾಗ್ಲಿಲ್ಲಪ್ಪ, ಚೆನ್ನಾಗಿತ್ತು. ಹಾಗಾದ್ರೆ ವೆಂಡೆಲ್ಲೇ ಸರಿಯಾಗಿ ಕಟ್ಟಿಲ್ಲ ಅಂದ್ರು. ತುದೀಲಿ ಹಲ್ಲಿನ ಗುರುತಿತ್ತು. ಬೆರಳು ಕೆಲಸ ಮಾಡ್ಲಿಲ್ಲ ಅಂತ ಹಲ್ಲಲ್ಲಿ ಕಟ್ಟೋಕೆ ನೋಡಿದಾನೆ."

ಹೇಳಿ ಆರ್ಡಿತ್ ಇನ್ನೊಂದು ಹುರಿಯನ್ನು ಕಂಬಕ್ಕೆ ಕಟ್ಟುತ್ತಾರೆ.

ಆ ಬಳಿಕ ಡ್ವೇನ್ ಈ ಅಂಗಡಿಯ ಹೊಸ್ತಿಲು ತುಳಿಯಲಿಲ್ಲ. ದಿನಸಿ ಅಂಗಡಿಯಲ್ಲಿ ಆರ್ಡಿತ್ ಎದುರಾದರೆ ಬೇರೆ ಸಾಲಿಗೆ ತಿರುಗಿಬಿಡುತ್ತಿದ್ದರು. ಕಳೆದ ವರ್ಷ ಬೇಟೆ ಶುರುವಾಗುವ ಮೊದಲು, ಒಂದು ದಿನ ಟ್ರಕ್ಕನ್ನು ಚಾಲೂ ಇಟ್ಟೇ ಇಳಿದು ಒಳಗೆ ಬಂದರು.

"ಮಗಳು ಬರ್ತಾಳಂತೆ ಈ ಸಲ ನನ್ ಜೊತೆ. ಬೇಡ ಅಂದ್ರೆ ಕೇಳ್ತಿಲ್ಲ" ಎಂದರು, ನೆಲ ನೋಡುತ್ತ.

"ಟ್ರಕ್ ಆರಿಸಿ ಬಾ. ಇದು ಬೇಗ ಮುಗಿಯೋ ಕೆಲಸ ಅಲ್ಲ."

ಆರ್ಡಿತ್ ಹುರಿ ಕತ್ತರಿಸಿದರು. ತಾವು ಮಾಡುವ ಹಾಗೆಯೇ ಮಾಡಲು ತಣ್ಣೀರಿನ ಬಕೆಟ್ಟು ಮುಂದಿಟ್ಟರು. ಡ್ವೇನ್ ಕೈ ಅದ್ದಿ, ಕಂಬಕ್ಕೆ ಗಂಟು ಹಾಕಿದರು. ಆರ್ಡಿತ್ ಜಗ್ಗಿದರು. ಜಾರಿತು. ಇನ್ನೊಮ್ಮೆ ಹಾಕಿದರು. ಅದೂ ಜಾರಿತು.

"ಅವತ್ತು ಮೊದಲು ಕಟ್ಟಿದ್ದು ನಾನು ಆರ್ಡಿತ್," ಎಂದರು ಡ್ವೇನ್. "ವೆಂಡೆಲ್ ಅಲ್ಲ. ಅವನು ಸೌದೆ ತರೋಕೆ ಹೋಗಿದ್ದ. ಹಳೇ ಹಗ್ಗಕ್ಕೆ ಹಾಕೋ ಗಂಟನ್ನೇ ಆ ನುಣುಪು ಹುರಿಗೂ ಹಾಕ್ಬಿಟ್ಟೆ. ಊರೆಲ್ಲ ಅವನದೇ ತಪ್ಪು ಅಂತು. ನಾನು ಬಾಯ್ ಬಿಡ್ಲಿಲ್ಲ."

ಆರ್ಡಿತ್ ಜಾರಿದ ಹುರಿಯ ತುದಿಯನ್ನು ಎತ್ತಿ ಡ್ವೇನ್ ಕೈಗೆ ಕೊಟ್ಟರಂತೆ. "ಇನ್ನೊಂದು ಸುತ್ತು ಜಾಸ್ತಿ ಹಾಕು. ಹಾಕಿ ಮತ್ತೆ ಕಟ್ಟು."

ಗಂಟು ನಿಲ್ಲುವ ತನಕ ಕಟ್ಟಿಸಿದರು. ಈ ಮಾತನ್ನು ಪತ್ರಿಕೆಯಲ್ಲಿ ಬರೆಯಿರಿ, ವೆಂಡೆಲ್ ಮೇಲಿನ ಮಾತು ಹೋಗಲಿ ಎಂದು ಡ್ವೇನ್ ಅವರೇ ನನಗೆ ಹೇಳಿದ್ದಾರೆ. ಅಪ್ಪ ಮಗಳು ಬೇಟೆ ಸಿಗದೆ, ಆದರೆ ಕ್ಷೇಮವಾಗಿ ಮರಳಿದರು. ಡ್ವೇನ್ ಮತ್ತೆ ಅಂಗಡಿಗೆ ಬಂದಿಲ್ಲ.

ಡ್ವೇನ್ ಅವರನ್ನು ಕ್ಷಮಿಸಿದಿರಾ ಎಂದು ಆರ್ಡಿತ್ ಅವರನ್ನು ಕೇಳಿದೆ. "ಕ್ಷಮೆ ಗಿಮೆ ನನಗೆ ಗೊತ್ತಿಲ್ಲ. ಮನೇಗೆ ಹೋಗಿ ತುಂಬಾ ಅತ್ತೆ. ಸಿಟ್ಟು ಈಗ್ಲೂ ಇದೆ. ಆದ್ರೆ ಆ ಹುಡುಗಿಗೆ ಹುರಿ ಬೇಕಿತ್ತು."

ಅವರ ಬೆರಳುಗಳು ಊದಿ ಕೆಂಪಾಗಿವೆ, ಗೆಣ್ಣುಗಳು ಬಿರಿದಿವೆ. ತಣ್ಣೀರು ಮುಟ್ಟಬೇಡಿ ಎಂದು ಡಾಕ್ಟರು ಹೇಳಿಯಾಗಿದೆ. ನಿಮ್ಮ ಹುರಿಯಿಂದ ಬದುಕಿದೆ ಎಂದು ಯಾರಾದರೂ ಬಂದು ಹೇಳಿದ್ದುಂಟೇ?

"ಯಾಕೆ ಹೇಳ್ತಾರೆ? ಗಂಟು ನಿಂತ್ರೆ ಅವರಿಗೆ ಗೊತ್ತೇ ಆಗಲ್ಲ, ಹಾಯಾಗಿ ನಿದ್ದೆ ಮಾಡಿರ್ತಾರೆ. ಬರೋರೆಲ್ಲ ಬೈಯೋಕೆ ಬರ್ತಾರೆ. ಭಾರ ಆಯ್ತು, ಬಣ್ಣ ಕಣ್ಣಿಗೆ ಹೊಡೆಯುತ್ತೆ, ಸುಮ್ನೆ ಜಾಸ್ತಿ ಹುರಿ ಕೊಟ್ರಿ ಅಂತ." ಆರ್ಡಿತ್ ಒದ್ದೆ ಕೈಗಳನ್ನು ಕಂಕುಳಲ್ಲಿ ಅದುಮಿಕೊಳ್ಳುತ್ತಾರೆ. "ಬೈಯಲಿ ಬಿಡಿ. ಬೈಯೋಕೆ ವಾಪಸ್ ಬಂದಿದಾರಲ್ಲ."